ಎಂಜಿನ್ ಆನ್ ಮಾಡುವ ಮೊದಲು ಹತ್ತು ನಿಮಿಷ

ಹಾಸ್ಟೆಲಿನಲ್ಲಿ ರಾತ್ರಿ ಊಟ ಆದಮೇಲೆ ಚೆಸ್ ಆಡುವವರನ್ನು ಒಮ್ಮೆ ಗಮನಿಸಿ. ಹತ್ತು ನಿಮಿಷದ ಆಟ ಮುಗಿದ ಕೂಡಲೇ ಬೆರಳು ಹೋಗೋದು ವಿಶ್ಲೇಷಣೆಯ ಬಟನ್ ಮೇಲೆ. ಸ್ವಲ್ಪ ಹೊತ್ತಿಗೆ ವರದಿ ಸಿದ್ಧ: ನಿಖರತೆ ಶೇ. 78, ತಪ್ಪು ನಾಲ್ಕು, ಬ್ಲಂಡರ್ ಎರಡು. "ಛೇ, ಅಲ್ಲಿ ಕುದುರೆ ನಡೆಸಬೇಕಿತ್ತಂತೆ ಕಣೋ" ಅಂತ ಒಂದು ಮಾತು, ಮುಂದಿನ ಆಟ ಶುರು. ಇದಕ್ಕೆ ಎಲ್ಲರೂ ಅನಾಲಿಸಿಸ್ ಅಂತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಬರೀ ರಿಸಲ್ಟ್ ನೋಡೋದು.

ಎಂಜಿನ್ ಬೇಡ ಅನ್ನೋದು ನಮ್ಮ ವಾದವಲ್ಲ. 1997ರಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸೋಕೆ ಐಬಿಎಂ ಡೀಪ್ ಬ್ಲೂ ಎಂಬ ಸೂಪರ್ ಕಂಪ್ಯೂಟರನ್ನೇ ಕಟ್ಟಬೇಕಾಯಿತು. ಇವತ್ತು ಅದಕ್ಕಿಂತ ಬಲವಾಗಿ ಆಡುವ ಸ್ಟಾಕ್‌ಫಿಶ್ ನಮ್ಮ ಜೇಬಿನ ಫೋನಿನಲ್ಲಿದೆ. 2008ರಲ್ಲಿ ಶುರುವಾದ ಈ ತಂತ್ರಾಂಶ ಓಪನ್ ಸೋರ್ಸ್, ಪೂರ್ತಿ ಪುಕ್ಕಟೆ. ಲಿಚೆಸ್‌ನಲ್ಲಿ ಜಾಹೀರಾತಿನ ಕಾಟವೂ ಇಲ್ಲದೆ ಅದನ್ನು ಬಳಸಬಹುದು. ಕೋಚ್ ಇಟ್ಟುಕೊಳ್ಳಲು ದುಡ್ಡಿಲ್ಲದ, ಊರಲ್ಲಿ ಚೆಸ್ ಕ್ಲಬ್ಬೇ ಇಲ್ಲದ ಹುಡುಗ ಹುಡುಗಿಯರಿಗೆ ಇದು ದೊಡ್ಡ ವರ. ಪ್ರಶ್ನೆ ಇರೋದು ಅದನ್ನು ಯಾವಾಗ ಆನ್ ಮಾಡಬೇಕು ಅನ್ನೋದರಲ್ಲಿ.

ಎಂಜಿನ್ ಮಾಡುವ ಕೆಲಸ ಏನು? ಪ್ರತಿ ಸ್ಥಿತಿಗೂ ಒಂದು ಅಂಕಿ ಕೊಡುತ್ತದೆ. ನಾವು ಆಡಿದ ನಡೆಯಿಂದ ಗೆಲುವಿನ ಸಾಧ್ಯತೆ ಎಷ್ಟು ಕುಸಿಯಿತು ಅಂತ ಲೆಕ್ಕ ಹಾಕಿ ತಂತ್ರಾಂಶ ತಪ್ಪು, ಬ್ಲಂಡರ್ ಎಂದು ಚೀಟಿ ಅಂಟಿಸುತ್ತದೆ. ಎಲ್ಲಿ ತಪ್ಪಾಯಿತು ಅನ್ನೋದು ಇದರಿಂದ ಗೊತ್ತಾಗುತ್ತದೆ. ಯಾಕೆ ತಪ್ಪಾಯಿತು ಅನ್ನೋದು ಗೊತ್ತಾಗಲ್ಲ. ಕೆಲವು ಆ್ಯಪ್‌ಗಳಲ್ಲಿ 'ಕೋಚ್' ಒಬ್ಬ ಮಾತೂ ಆಡ್ತಾನೆ, ನಿಜ. ಆದರೆ ಅವನು ಹೇಳೋದು ಮಣೆಯ ಮೇಲೆ ನಡೆದದ್ದನ್ನು, ನಮ್ಮ ತಲೆಯೊಳಗೆ ನಡೆದದ್ದನ್ನಲ್ಲ.

ಒಂದು ಉದಾಹರಣೆ ನೋಡೋಣ. ಇಟಾಲಿಯನ್ ಓಪನಿಂಗ್. ಬಿಳಿಯ ಒಂಟೆ ಸಿ4ರಲ್ಲಿದೆ. ಮೂರನೇ ನಡೆಯಲ್ಲಿ ಕಪ್ಪು ತನ್ನ ಕುದುರೆಯನ್ನು ಸಿ6ರಿಂದ ಡಿ4ಕ್ಕೆ ಹಾರಿಸುತ್ತದೆ. ಇ5ರಲ್ಲಿರುವ ಕಪ್ಪು ಕಾಲಾಳಿಗೆ ಈಗ ಕಾವಲಿಲ್ಲ. ಬಿಳಿ ಕುದುರೆ ಅದನ್ನು ಹೊಡೆಯುತ್ತದೆ. ಕಪ್ಪು ಮಂತ್ರಿ ಜಿ5ಕ್ಕೆ ಬಂದು ಆ ಕುದುರೆಗೂ ಜಿ2ರ ಕಾಲಾಳಿಗೂ ಒಟ್ಟಿಗೆ ಗುರಿಯಿಡುತ್ತದೆ. ಬಿಳಿ ಕುದುರೆ ಎಫ್7ರಲ್ಲಿ ಹೊಡೆದು ಮಂತ್ರಿಗೂ ಆನೆಗೂ ಫೋರ್ಕ್ ಹಾಕುತ್ತದೆ. ಇನ್ನೇನು ಗೆದ್ದಾಯಿತು ಅನ್ನುವಷ್ಟರಲ್ಲಿ ಕಪ್ಪು ಮಂತ್ರಿ ಜಿ2ರ ಕಾಲಾಳನ್ನು ಹೊಡೆಯುತ್ತದೆ. ಬಿಳಿ ಆನೆ ಎಫ್1ಕ್ಕೆ ಸರಿಯುತ್ತದೆ. ಮಂತ್ರಿ ಇ4ರ ಕಾಲಾಳನ್ನೂ ಹೊಡೆದು ಚೆಕ್ ಕೊಡುತ್ತದೆ. ಒಂಟೆ ಇ2ಕ್ಕೆ ಅಡ್ಡ ಬಂತು, ಕುದುರೆ ಎಫ್3ಕ್ಕೆ ಬಂತು, ಮೇಟ್! ಏಳೇ ನಡೆ. ಬ್ಲ್ಯಾಕ್‌ಬರ್ನ್ ಶಿಲ್ಲಿಂಗ್ ಗ್ಯಾಂಬಿಟ್ ಅಂತ ಹೆಸರಿರುವ ಹಳೇ ಬಲೆ ಇದು.

ವರದಿ ಹೇಳೋದಿಷ್ಟು: ನಾಲ್ಕನೇ ನಡೆ ಸರಿಯಿಲ್ಲ, ಡಿ4ರ ಕುದುರೆಯನ್ನು ಹೊಡೆಯಬೇಕಿತ್ತು, ಐದನೇ ನಡೆ ಬ್ಲಂಡರ್. ಆದರೆ ಇದೇ ನಡೆಗಳನ್ನು ಮೂರು ಜನ ಮೂರು ಕಾರಣಕ್ಕೆ ಆಡಿರಬಹುದು. ಒಬ್ಬರಿಗೆ ಮಂತ್ರಿ ಜಿ5ಕ್ಕೆ ಬರೋದು ಕಾಣಲೇ ಇಲ್ಲ. ಇನ್ನೊಬ್ಬರು ಅದನ್ನು ಕಂಡರು, ಆದರೆ ಫೋರ್ಕ್ ಸಿಗುತ್ತಲ್ಲ ಅಂತ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದರು. ಮತ್ತೊಬ್ಬರು ಪುಕ್ಕಟೆ ಕಾಲಾಳು ಕಂಡ ತಕ್ಷಣ ಎರಡೇ ಸೆಕೆಂಡಿನಲ್ಲಿ ಹೊಡೆದರು. ಮೂವರಿಗೂ ಬರೋದು ಒಂದೇ ವರದಿ, ಆದರೆ ಬೇಕಾದ ಮದ್ದು ಬೇರೆ ಬೇರೆ. ಮೊದಲನೆಯವರು ಎದುರಾಳಿಯ ನಡೆ ಹುಡುಕುವುದನ್ನು ಕಲಿಯಬೇಕು, ಎರಡನೆಯವರು ಇನ್ನೊಂದೆರಡು ನಡೆ ಮುಂದಕ್ಕೆ ಲೆಕ್ಕ ಹಾಕುವುದನ್ನು, ಮೂರನೆಯವರು ಕೈ ಕಟ್ಟಿ ಕೂರುವುದನ್ನು. ಯಾರಿಗೆ ಯಾವುದು ಅಂತ ಆಡಿದವರಿಗೆ ಮಾತ್ರ ಗೊತ್ತು, ಅದೂ ಆಟ ಮುಗಿದ ಸ್ವಲ್ಪ ಹೊತ್ತಿನವರೆಗೆ. ಎಂಜಿನ್ನಿನ ಉತ್ತರ ನೋಡಿದ ಮೇಲೆ 'ಓ, ಇದು ನಂಗೆ ಗೊತ್ತಿತ್ತು' ಅನ್ನಿಸಿಬಿಡುತ್ತದೆ. ಅಲ್ಲಿಗೆ ಆಗ ಏನು ಯೋಚಿಸಿದ್ದೆವು ಅನ್ನೋದೇ ಅಳಿಸಿಹೋಗುತ್ತದೆ.

ನಿಖರತೆಯ ಶೇಕಡಾವಾರನ್ನೂ ತುಂಬಾ ನಂಬಬೇಕಿಲ್ಲ. ಎದುರಾಳಿ ಬೇಗನೆ ಮಂತ್ರಿ ಕಳಕೊಂಡರೆ ಉಳಿದ ನಡೆಗಳೆಲ್ಲ ಸುಲಭ. ಅಂಕಿ ತಾನಾಗಿ ಏರುತ್ತದೆ. ಇಬ್ಬರೂ ಬೆವರಿಳಿಸಿ ಆಡಿದ ಕಠಿಣ ಆಟದಲ್ಲಿ ಅದೇ ಅಂಕಿ ಇಳಿಯಬಹುದು. ಕಲಿತದ್ದು ಯಾವುದರಲ್ಲಿ ಹೆಚ್ಚು?

ಹಾಗಾಗಿ ನಮ್ಮ ಸಲಹೆ ಇದು. ಆಟ ಮುಗಿದ ಮೇಲೆ ಹತ್ತು ನಿಮಿಷ ಎಂಜಿನ್ ಆಫ್ ಇರಲಿ. ಮೂರು ವಿಷಯ ಬರೆಯಿರಿ: ಆಟ ಎಲ್ಲಿ ತಿರುಗಿತು ಅಂತ ನಿಮಗನ್ನಿಸುತ್ತದೆ, ಅಲ್ಲಿ ನೀವು ಯಾವ ಯಾವ ನಡೆ ಯೋಚಿಸಿದ್ದಿರಿ, ಎದುರಾಳಿಯ ಯಾವ ನಡೆ ನಿಮಗೆ ಅನಿರೀಕ್ಷಿತವಾಗಿತ್ತು. ಗಡಿಯಾರವನ್ನೂ ನೋಡಿ, ಆ ನಡೆಗೆ ಎಷ್ಟು ಸೆಕೆಂಡು ಕೊಟ್ಟಿರಿ ಅಂತ. ಆಮೇಲೆ ಎಂಜಿನ್ ಆನ್ ಮಾಡಿ, ನಿಮ್ಮ ಬರಹದ ಜೊತೆ ಹೋಲಿಸಿ. ಎರಡೂ ಹೊಂದದ ಜಾಗದಲ್ಲೇ ನಿಮ್ಮ ಪಾಠ ಇರೋದು.

ಇದು ನಾವು ಹೊಸದಾಗಿ ಕಂಡುಹಿಡಿದದ್ದೇನಲ್ಲ. 1948ರಲ್ಲಿ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ಬೋಟ್ವಿನಿಕ್ ತಮ್ಮ ಆಟಗಳನ್ನು ತಾವೇ ಬರೆದು ವಿಶ್ಲೇಷಿಸುತ್ತಿದ್ದರು. ಅದನ್ನು ಪ್ರಕಟಿಸಿ ಬೇರೆಯವರ ಟೀಕೆಗೆ ಒಡ್ಡಬೇಕು ಅಂತಲೂ ಹೇಳುತ್ತಿದ್ದರು. ಅವರು ವೃತ್ತಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್, ಮುಂದೆ ಚೆಸ್ ಪ್ರೋಗ್ರಾಂ ಬರೆಯಲೂ ವರ್ಷಗಟ್ಟಲೆ ದುಡಿದವರು. ಕಂಪ್ಯೂಟರ್ ಗೊತ್ತಿಲ್ಲದವರ ಮಾತು ಅಂತ ತಳ್ಳಿಹಾಕೋಹಾಗಿಲ್ಲ!

"ಇಂಟರ್ನಲ್ಸ್ ಮಧ್ಯೆ ಇದಕ್ಕೆಲ್ಲ ಟೈಮ್ ಎಲ್ಲಿದೆ ಗುರು?" ಅಂತ ಕೇಳಬಹುದು. ಎಲ್ಲ ಆಟಕ್ಕೂ ಬೇಡ. ಮೂರು ನಿಮಿಷದ ಬ್ಲಿಟ್ಜ್ ಆಡಿ ಮರೆತುಬಿಡಿ. ವಾರಕ್ಕೆ ಒಂದು ಉದ್ದದ ಆಟ, ಅದರಲ್ಲೂ ಸೋತದ್ದು, ಸಾಕು. "ಹೊಸಬರಿಗೆ ತಪ್ಪೇ ಕಾಣಲ್ಲವಲ್ಲ" ಅನ್ನುವ ಮಾತಿನಲ್ಲಿ ಹುರುಳಿದೆ. ಕಾಣದಿದ್ದರೆ 'ಎಲ್ಲ ಸರಿಯಿದೆ ಅನ್ನಿಸಿತು' ಅಂತಲೇ ಬರೆಯಲಿ. ಎಂಜಿನ್ ತೋರಿಸಿದಾಗ ತಮಗೆ ಕಾಣದ್ದು ಯಾವ ಬಗೆಯದು ಅಂತ ಗೊತ್ತಾಗುತ್ತದೆ.

ಕೋಡಿಂಗ್ ಆಸಕ್ತಿ ಇರುವವರಿಗೆ ಇಲ್ಲೊಂದು ಒಳ್ಳೆ ಮಿನಿ ಪ್ರಾಜೆಕ್ಟೂ ಇದೆ. ಲಿಚೆಸ್ ನಮ್ಮ ಆಟಗಳನ್ನು ಗಡಿಯಾರದ ಸಮೇತ ಡೌನ್‌ಲೋಡ್ ಮಾಡಲು ಬಿಡುತ್ತದೆ. ಪೈಥಾನ್-ಚೆಸ್ ಲೈಬ್ರರಿ ಮತ್ತು ಸ್ಟಾಕ್‌ಫಿಶ್ ಸೇರಿಸಿ ನೂರು ಆಟಗಳನ್ನು ಒಂದೇ ರಾತ್ರಿ ಓಡಿಸಬಹುದು. ಬ್ಲಂಡರ್‌ಗಳು ಓಪನಿಂಗಿನಲ್ಲೋ ಎಂಡ್‌ಗೇಮಿನಲ್ಲೋ, ಅವಸರದಲ್ಲಿ ಆಡಿದವೋ ಯೋಚಿಸಿ ಆಡಿದವೋ ಅಂತ ಪಟ್ಟಿ ಸಿಗುತ್ತದೆ. ಆ ಪಟ್ಟಿಯ ಪಕ್ಕ 'ಕಾರಣ' ಅಂತ ಇನ್ನೊಂದು ಕಾಲಮ್ ಇಡಿ. ಅದನ್ನು ತುಂಬುವ ಸ್ಕ್ರಿಪ್ಟ್ ಇಲ್ಲ, ಕೈಯಾರೆ ತುಂಬಬೇಕು.

ಟೂರ್ನಮೆಂಟಿನಲ್ಲಿ ಮಣೆಯ ಪಕ್ಕ ಹಸಿರು ಬಾಣ ಬರೋದಿಲ್ಲ. ಈ ಭಾನುವಾರ ಒಂದು ಸೋತ ಆಟವನ್ನು ಎತ್ತಿಕೊಂಡು ನೋಟ್‌ಬುಕ್ಕಿನ ಒಂದು ಪುಟ ತುಂಬಿಸಿ ನೋಡಿ. ಬಟನ್ ಎಲ್ಲೂ ಓಡಿಹೋಗಲ್ಲ.