ಹಳೆ ಡೀಸೆಲ್ ಕಾರಿಗೆ ‘ಯಾವುದೋ ಒಂದು’ ನಾಜಲ್ ಸಾಲದು

ಹಳೆಯ ಡೀಸೆಲ್ ಕಾರು ಕಪ್ಪು ಹೊಗೆ ಕಾರತೊಡಗಿದರೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಬಡಿಯತೊಡಗಿದರೆ, ಊರೂರಿನ ಗ್ಯಾರೇಜುಗಳಲ್ಲಿ ಸಿಗುವ ತೀರ್ಪು ಒಂದೇ: ‘ನಾಜಲ್ ಹೋಗಿದೆ, ಹೊಸ ಸೆಟ್ ಹಾಕಿಬಿಡೋಣ.’ ಯಾವ ನಾಜಲ್ ಎಂದು ಮಾಲೀಕ ಕೇಳುವುದಿಲ್ಲ, ಮೆಕ್ಯಾನಿಕ್ ಹೇಳುವುದಿಲ್ಲ. ಅಂಗಡಿಯವನು ‘ಇದೂ ಅದೇ ಸಾರ್, ಹಾಕಿ ನೋಡಿ’ ಎಂದು ಡಬ್ಬಿ ಮುಂದಿಡುತ್ತಾನೆ. ಈ ಮೂವರ ಉದಾಸೀನದ ಬೆಲೆಯನ್ನು ಮೊದಲು ತೆರುವುದು ಹಿಂದೆ ಸ್ಕೂಟರಿನಲ್ಲಿ ಬರುವವರ ಶ್ವಾಸಕೋಶ. ಇಂಜಿನ್ನಿನ ಸರದಿ ಆಮೇಲೆ.

ನಾಜಲ್ ಆರಿಸುವುದು ಬೆಲೆಯ ಮಾತಲ್ಲ, ಬ್ರ್ಯಾಂಡಿನ ಮಾತೂ ಅಲ್ಲ, ‘ಪಿಕಪ್’ನ ಮಾತಂತೂ ಅಲ್ಲವೇ ಅಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಎರಡೇ ಎರಡು: ಲೋಹದ ಮೇಲೆ ಕೆತ್ತಿರುವ ಸಂಖ್ಯೆ ಮತ್ತು ಪರೀಕ್ಷೆಯಲ್ಲಿ ಕಣ್ಣಿಗೆ ಕಂಡ ಸಿಂಪಡಣೆ.

ಇಲ್ಲಿರುವುದು ಕಾಮನ್ ರೈಲ್ ಬರುವುದಕ್ಕೆ ಮುಂಚಿನ ಕಾರುಗಳ ವಿಚಾರ. ಅಂಬಾಸಡರ್ ಡೀಸೆಲ್, ಇಸುಜು ಇಂಜಿನ್ನಿನ ಕಾಂಟೆಸಾ, ಪ್ಯೂಜೋ ಇಂಜಿನ್ ಹೊತ್ತ ಮಾರುತಿ ಝೆನ್ ಮತ್ತು ಎಸ್ಟೀಮ್, 1998ರಲ್ಲಿ ಬಂದ 1.4 ಲೀಟರಿನ ಇಂಡಿಕಾ, ಪುಣೆಯಲ್ಲಿ ಜೋಡಿಸಿದ ಮರ್ಸಿಡಿಸ್ ಇ250 ಡೀಸೆಲ್ ಎಲ್ಲವೂ ಈ ಗುಂಪಿನವು. ಇವುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವುದಿಲ್ಲ. ಸಿಲಿಂಡರ್ ಹೆಡ್ಡಿನಲ್ಲಿರುವ ಪುಟ್ಟ ಕೋಣೆಯೊಂದಕ್ಕೆ ಚಿಮ್ಮಿ, ಅಲ್ಲಿ ಹೊತ್ತಿಕೊಂಡು ಹೊರಗೆ ನುಗ್ಗುತ್ತದೆ. ಅದಕ್ಕೆ ಬೇಕಾದದ್ದು ಪಿಂಟಲ್ ನಾಜಲ್. ಅದರ ಸೂಜಿಯ ತುದಿಯಲ್ಲಿ ಸಣ್ಣ ಕಡ್ಡಿಯಿದೆ. ಸೂಜಿ ಮೇಲೇಳುವಾಗ ಆ ಕಡ್ಡಿ ರಂಧ್ರವನ್ನು ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಮೊದಲು ಒಂದಿಷ್ಟು ಡೀಸೆಲ್ ಬಿಟ್ಟು, ಅದು ಹೊತ್ತಿಕೊಳ್ಳುತ್ತಿದ್ದಂತೆ ಉಳಿದದ್ದನ್ನು ಬಿಡುತ್ತದೆ. ಇಂಜಿನ್ನಿನ ಬಡಿತ ಮೆದುವಾಗುವುದು ಹೀಗೆ. ಕಡ್ಡಿಯ ಆಕಾರ, ಉದ್ದ ಬದಲಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಬಾಷ್ ಪದ್ಧತಿಯ ನಾಜಲ್ ಮೇಲೆ ‘ಡಿಎನ್ 0 ಎಸ್‌ಡಿ’ ಎಂದು ಶುರುವಾಗಿ ಕೊನೆಯಲ್ಲಿ ಕೆಲವು ಅಂಕಿಗಳಿರುವ ಗುರುತು ಕಾಣುತ್ತದೆ. ಡಿಎನ್ ಎಂದರೆ ಪಿಂಟಲ್ ಜಾತಿ. ಸೊನ್ನೆ ಸಿಂಪಡಣೆಯ ಕೋನ, ಎಸ್ ಗಾತ್ರದ ಗುರುತು. ಕೊನೆಯ ಅಂಕಿಗಳು ವಿನ್ಯಾಸದ ಸಂಖ್ಯೆ. ಮೋಸ ನಡೆಯುವುದು ಈ ಕೊನೆಯ ಅಂಕಿಗಳಲ್ಲಿ. ಮೊದಲ ಅಕ್ಷರಗಳು ಹೊಂದಿದರೆ ನಾಜಲ್ ಹೋಲ್ಡರಿನೊಳಗೆ ಸಲೀಸಾಗಿ ಕೂರುತ್ತದೆ, ಇಂಜಿನ್ ಸ್ಟಾರ್ಟೂ ಆಗುತ್ತದೆ. ‘ಕೂತಿತಲ್ಲ, ಸರಿ ಇದೆ’ ಎಂದು ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾನೆ. ಕೂರುವುದು ಬೇರೆ, ಹೊಂದುವುದು ಬೇರೆ. ಹಳೆಯ ನಾಜಲ್ಲಿನ ಸಂಖ್ಯೆಯನ್ನು ನಕಲು ಮಾಡಿದರೂ ಸಾಲದು, ಹಿಂದಿನ ಮೆಕ್ಯಾನಿಕ್ಕೇ ತಪ್ಪು ಹಾಕಿರಬಹುದು. ಆ ಇಂಜಿನ್ನಿನ ಸರ್ವಿಸ್ ಪುಸ್ತಕದ ಜೊತೆ ತಾಳೆ ನೋಡಲೇಬೇಕು.

ಇನ್ನು ಪಿಕಪ್ ಎಂಬ ಮೂಢನಂಬಿಕೆ. ‘ದೊಡ್ಡ ನಾಜಲ್ ಹಾಕಿದರೆ ಗಾಡಿ ಎಳೆಯುತ್ತದೆ’ ಎನ್ನುವವರಿಗೆ ಒಂದು ಪ್ರಶ್ನೆ: ಪ್ರತಿ ಸಲ ಎಷ್ಟು ಡೀಸೆಲ್ ಹೋಗಬೇಕೆಂದು ಅಳೆಯುವವರು ಯಾರು? ಈ ಕಾರುಗಳಲ್ಲಿ ಆ ಕೆಲಸ ಪಂಪಿನದು. ನಾಜಲ್ ಅದನ್ನು ಹೇಗೆ, ಎಷ್ಟು ಬೇಗ, ಎಷ್ಟು ನುಣ್ಣಗೆ ಬಿಡಬೇಕೆಂದು ನೋಡಿಕೊಳ್ಳುತ್ತದೆ, ಅಷ್ಟೆ. ನಾಜಲ್ ದೊಡ್ಡದಾದ ಮಾತ್ರಕ್ಕೆ ಪಂಪು ಹೆಚ್ಚು ಕೊಡುವುದಿಲ್ಲ. ಆಗ ಪಂಪಿನ ಸ್ಕ್ರೂ ತಿರುಗಿಸುತ್ತಾರೆ. ಡೀಸೆಲ್ ಹೆಚ್ಚುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ. ಉರಿಯದೆ ಉಳಿದದ್ದು ಮಸಿಯಾಗಿ ಹೊರಬರುತ್ತದೆ. ಸೈಲೆನ್ಸರಿನ ಆ ಕಪ್ಪು ಮೋಡವನ್ನು ಶಕ್ತಿಯೆಂದು ಎದೆಯುಬ್ಬಿಸಿ ತೋರಿಸುವವರು ತಮ್ಮದೇ ದುಡ್ಡು ಸುಡುವುದನ್ನು ಮೆಚ್ಚಿಕೊಳ್ಳುತ್ತಿದ್ದಾರೆ.

ಎರಡನೆಯ ಮೂಢನಂಬಿಕೆ ‘ಫಾರಿನ್ ಮಾಲು’. ‘ಇಂಡಿಯಾದ್ದು ಬೇಡ, ಜರ್ಮನಿಯದೇ ಬೇಕು’ ಎನ್ನುವ ಉತ್ಸಾಹಿಗಳು ಇತಿಹಾಸವನ್ನೊಮ್ಮೆ ನೋಡಲಿ. 1951ರಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯನ್ನು ಬೆಂಗಳೂರಿನವರು ದಶಕಗಳ ಕಾಲ ‘ಮೈಕೋ’ ಎಂದೇ ಕರೆದರು. ಆ ಹೆಸರು ಮೈಕೋ ಲೇಔಟಿನಲ್ಲಿ ಇನ್ನೂ ಉಳಿದಿದೆ. ಈ ದೇಶದ ಡೀಸೆಲ್ ಪಂಪುಗಳ ಕಥೆ ಆಡುಗೋಡಿಯ ಕಾರ್ಖಾನೆಯನ್ನು ಬಿಟ್ಟು ಹೇಳಲಾಗದು, ನಾಜಲ್ಲುಗಳ ಕಥೆ ನಾಸಿಕದ ಕಾರ್ಖಾನೆಯನ್ನು ಬಿಟ್ಟು ಹೇಳಲಾಗದು. ಇಲ್ಲಿ ತಯಾರಾದದ್ದು ಎಂಬ ಒಂದೇ ಕಾರಣಕ್ಕೆ ನಾಜಲ್ಲನ್ನು ತಳ್ಳಿಹಾಕುವುದು ಬರೀ ಅಂತಸ್ತಿನ ಗೀಳು. ನಿಜವಾಗಿ ಹೆದರಬೇಕಾದದ್ದು ನಕಲಿ ಮಾಲಿಗೆ. ನಾಜಲ್ಲಿನ ಸೂಜಿಗೂ ಅದರ ಕವಚಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್, ಒಂದು ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಆ ಎರಡನ್ನೂ ಒಂದಕ್ಕೊಂದು ಜೋಡಿಯಾಗಿ ಉಜ್ಜಿ ಕೂರಿಸಿರುತ್ತಾರೆ. ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇಂಥ ಕೆಲಸವನ್ನು ಅಗ್ಗದ ಡಬ್ಬಿಯ ಮೇಲಿನ ಬಣ್ಣದ ಮುದ್ರಣ ಮಾಡಿಕೊಡುವುದಿಲ್ಲ. ಅಧಿಕೃತ ಡೀಲರನ ಬಿಲ್ ಇಲ್ಲದ ನಾಜಲ್ ಎಷ್ಟೇ ಅಗ್ಗವಾದರೂ ದುಬಾರಿಯೇ.

ಬಡಪಾಯಿ ಟ್ಯಾಕ್ಸಿ ಚಾಲಕನಿಗೆ ಇಷ್ಟೆಲ್ಲ ಉಪದೇಶ ಯಾಕೆ, ಅವನ ಜೇಬು ನೋಡಬೇಡವೇ ಎಂಬ ಆಕ್ಷೇಪ ಬರುತ್ತದೆ. ಅವನ ಜೇಬು ನೋಡಿಯೇ ಹೇಳಬೇಕು: ಮೊದಲು ಪರೀಕ್ಷೆ, ಆಮೇಲೆ ಖರೀದಿ. ಹೊಗೆಗೆ ಕಟ್ಟಿಕೊಂಡ ಏರ್ ಫಿಲ್ಟರ್, ತಪ್ಪಿದ ಪಂಪ್ ಟೈಮಿಂಗ್ ಕಾರಣವಿರಬಹುದು. ಬೆಳಗಿನ ತೊಂದರೆಗೆ ಸುಟ್ಟ ಗ್ಲೋ ಪ್ಲಗ್ ಕಾರಣವಿರಬಹುದು. ಪಂಪ್-ನಾಜಲ್ ಕೆಲಸದ ಅಂಗಡಿಯಲ್ಲಿ ಕೈಯಿಂದ ಒತ್ತುವ ಟೆಸ್ಟರ್ ಇರುತ್ತದೆ. ಅದರಲ್ಲಿ ನೋಡಬೇಕಾದದ್ದು ಮೂರು. ಪುಸ್ತಕದಲ್ಲಿ ಹೇಳಿದ ಒತ್ತಡಕ್ಕೇ ನಾಜಲ್ ತೆರೆಯಬೇಕು. ಆ ಒತ್ತಡಕ್ಕಿಂತ 20 ಬಾರ್ ಕೆಳಗೆ ಹತ್ತು ಸೆಕೆಂಡು ಹಿಡಿದರೂ ತುದಿಯಿಂದ ಹನಿ ಬೀಳಬಾರದು. ಸಿಂಪಡಣೆ ನೆಟ್ಟಗೆ, ಮಂಜಿನಂತೆ ಬರಬೇಕು. ಎಷ್ಟೋ ನಾಜಲ್ಲುಗಳಿಗೆ ಬೇಕಾದದ್ದು ಶುಚಿ ಮತ್ತು ಒತ್ತಡ ಸರಿಪಡಿಸುವ ತೆಳ್ಳನೆಯ ಶಿಮ್ ಮಾತ್ರ. ಹನಿ ತೊಟ್ಟಿಕ್ಕುವ ನಾಜಲ್ಲನ್ನು ಮಾತ್ರ ಕ್ಷಮಿಸಬಾರದು, ಅದು ಗ್ಲೋ ಪ್ಲಗ್ಗನ್ನೂ ಪಿಸ್ಟನ್ನನ್ನೂ ಸುಡಬಲ್ಲದು. ಹಾಕುವುದಾದರೆ ಎಲ್ಲ ಸಿಲಿಂಡರಿಗೂ ಒಂದೇ ತಯಾರಿಕೆಯ ಸೆಟ್ ಹಾಕಿ, ಒತ್ತಡ ಸಮ ಮಾಡಿ, ಹೊಸ ವಾಷರ್ ಕೊಟ್ಟು ಕೂರಿಸಬೇಕು. ಹೊಸ ಡಬ್ಬಿಯ ನಾಜಲ್ಲೂ ಈ ಪರೀಕ್ಷೆಗೆ ಹೊರತಲ್ಲ. ಪರೀಕ್ಷೆ ಮಾಲೀಕನ ಕಣ್ಣೆದುರೇ ಆಗಬೇಕು, ಆದರೆ ದೂರದಿಂದ: ಆ ಧಾರೆ ಚರ್ಮವನ್ನು ತೂರಿ ರಕ್ತಕ್ಕೆ ಸೇರುವಷ್ಟು ಬಲವಾದದ್ದು, ಬೆರಳು ಒಡ್ಡುವಂತಿಲ್ಲ.

ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ವಯಸ್ಸು ನೋಡಿ ಗಾಡಿಯನ್ನು ಗುಜರಿಗೆ ಕಳಿಸುವುದು ಅನ್ಯಾಯವೆಂದು ಹಳೆ ಕಾರಿನ ಪ್ರೇಮಿಗಳು ಕೂಗುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಹೊಗೆ ಬರುವುದು ಆರ್‌ಸಿ ಪುಸ್ತಕದ ತಾರೀಖಿನಿಂದಲ್ಲ, ಕೆಟ್ಟ ನಾಜಲ್ಲಿನಿಂದ, ತಿರುಚಿದ ಪಂಪಿನಿಂದ. ಬಿಎಸ್-4ಕ್ಕೆ ಮುಂಚಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ ಮೀಟರಿಗೆ 2.45 ಎಂದು ಕಾನೂನೇ ಹೇಳುತ್ತದೆ. ಅದನ್ನು ಪ್ರಾಮಾಣಿಕವಾಗಿ ಅಳೆದರೆ ಸಾಕಿತ್ತು.

ಆದರೆ ಆ ವಾದ ಹೂಡುವ ಹಕ್ಕನ್ನು ಗಳಿಸಿಕೊಳ್ಳಬೇಕು. ದುಡ್ಡು ಕೊಟ್ಟು ಹೊಗೆ ಚೀಟಿ ತಂದು, ಕಾಶ್ಮೀರಿ ಗೇಟಿನಲ್ಲೋ ನಾನಾ ಪೇಟೆಯಲ್ಲೋ ಜೆ.ಸಿ. ರಸ್ತೆಯಲ್ಲೋ ಸಂಖ್ಯೆ ನೋಡದೆ ನಾಜಲ್ ಕೊಂಡು, ಅಪ್ಪನ ಕಾಲದ ಕಾರೆಂದು ಕಣ್ಣೊರೆಸಿಕೊಳ್ಳುವವರಿಗೆ ಆ ಹಕ್ಕಿಲ್ಲ. ನ್ಯಾಯಾಲಯದ ಮುಂದೆ ವಯಸ್ಸಿನ ಬದಲು ಹೊಗೆಯನ್ನು ಅಳೆಯಿರಿ ಎನ್ನುವವರು, ಮೊದಲು ತಮ್ಮ ಕಾರಿನ ನಾಲ್ಕು ನಾಜಲ್ಲುಗಳನ್ನು ಬಿಚ್ಚಿಸಿ ಅಳೆಯಿಸಲಿ.