ತಂದೆಯ ಕಾಲುಗಂಟೆ



ನಮ್ಮ ಶಾಲೆಯ ಕಛೇರಿಗೆ ಹೆಚ್ಚಿನ ತಂದೆಯರು ಎರಡು ಸಾರಿ ಮಾತ್ರ ಬರುವರು: ಮಗಳನ್ನು ಸೇರಿಸುವ ದಿನ ಒಮ್ಮೆ, ವರ್ಗಾವಣೆಯ ಪತ್ರವನ್ನು ಪಡೆಯುವ ದಿನ ಇನ್ನೊಮ್ಮೆ. ನಡುವಣ ವರ್ಷಗಳಲ್ಲಿ ಬರುವವರು ತಾಯಂದಿರು. ಇದನ್ನು ದೂರಾಗಿ ಹೇಳುತ್ತಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿಯೂ ರೈಲ್ವೆಯಲ್ಲಿಯೂ ಬೇಲೂರು ಸೀಮೆಯ ಕಾಫಿ ತೋಟಗಳಲ್ಲಿಯೂ ದುಡಿಯುವವರಿಗೆ ಬಿಡುವು ಎಷ್ಟೆಂಬುದನ್ನು ನಾನು ಬಲ್ಲೆನು. ಮಕ್ಕಳ ಅನ್ನವಸ್ತ್ರಗಳಿಗಾಗಿ ಬೆವರು ಸುರಿಸುವುದೂ ವಾತ್ಸಲ್ಯವೇ ಸರಿ. ಆದರೆ ಅಷ್ಟರಿಂದಲೇ ತಂದೆತನವು ಪೂರ್ಣವಾಯಿತೆ?

ಬೇಲೂರಿಗೆ ಪ್ರವಾಸ ಹೋದ ನಮ್ಮ ಹುಡುಗಿಯರೆಲ್ಲರೂ ಜಕಣಾಚಾರಿಯ ಕಥೆಯನ್ನು ಕೇಳಿರುವರು. ಮನೆಯನ್ನು ಬಿಟ್ಟು ಹೊರಟ ಶಿಲ್ಪಿ. ತಂದೆಯ ಮುಖವನ್ನೇ ಕಾಣದೆ ಬೆಳೆದ ಮಗ ಡಂಕಣ. ವಿಗ್ರಹದ ಕಲ್ಲಿನಲ್ಲಿ ದೋಷವುಂಟೆಂದು ಆ ಬಾಲಕನು ತೋರಿಸಲು ಒಳಗಿನಿಂದ ಹೊರಬಂದ ಕಪ್ಪೆ. ಆಡಿದ ಮಾತಿಗೆ ಕಟ್ಟುಬಿದ್ದು ತನ್ನ ಬಲಗೈಯನ್ನೇ ಕಡಿದುಕೊಂಡ ತಂದೆ. ಇದು ಐತಿಹ್ಯವೇ ಹೊರತು ಇದಕ್ಕೆ ಶಾಸನಾಧಾರವಿಲ್ಲವೆಂದು ವಿದ್ವಾಂಸರು ಹೇಳುವರು. ನಾವು ಆ ಕೈಗಾಗಿ ಮರುಗುತ್ತೇವೆ. ಮಗನು ಎದುರಿಗೆ ನಿಂತರೂ ತಂದೆಯು ಗುರುತಿಸಲಾರದೆ ಹೋದುದಕ್ಕಾಗಿ ಮರುಗುವವರು ವಿರಳ.

ಅದೇ ದೇವಾಲಯದಲ್ಲಿ ಶಾಸನಾಧಾರವುಳ್ಳ ತಂದೆಮಗನೂ ಇರುವರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಆತನ ಮಗ ಚಾವಣನ ಹೆಸರೂ ಕೆತ್ತಲ್ಪಟ್ಟಿವೆ. ಉಳಿಯ ವಿದ್ಯೆಯು ದೂರದಿಂದ ಬರುವಂಥದಲ್ಲ. ಮಗ್ಗುಲಲ್ಲಿ ಕುಳಿತು, ತಪ್ಪಿದ ಏಟನ್ನು ಕಂಡು, ತಿದ್ದಿ ಕಲಿಸಬೇಕಾದುದು. 2023ರಲ್ಲಿ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲರೂ ಹಿಗ್ಗಿದೆವು. ಅಂದು ಆ ಮಗನಿಗೆ ದೊರೆತ ಮಗ್ಗುಲು ಇಂದು ಮಗಳಿಗೂ ದೊರೆಯಬೇಕೆಂಬುದೇ ನನ್ನ ವಾದ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಗಣಿತದಲ್ಲಿ ಬಲು ಚುರುಕಾದವಳು, "ಮುಂದೆ ಓದಿಸಬೇಕೆಂದು ಅಪ್ಪಾಜಿಗೆ ಹೇಳಿ, ಮಿಸ್" ಎಂದು ಬೇಡಿಕೊಂಡಳು. ನಾನು ಪತ್ರವನ್ನು ಬರೆದು ಅವಳ ಕೈಯಲ್ಲಿಯೇ ಕೊಟ್ಟೆನು. ಹೆದರಿ ಅವಳು ಅದನ್ನು ತಲುಪಿಸಲೇ ಇಲ್ಲ. ಓದು ನಿಂತಿತು. ಎರಡು ವರ್ಷಗಳ ಮೇಲೆ ಆ ತಂದೆಯವರು ಸಂತೆಯಲ್ಲಿ ಸಿಕ್ಕಿದಾಗ ನಾನು ವಿಷಯವೆತ್ತಲು, ಅವರು ಬೆರಗಾಗಿ, "ಓದಬೇಕು ಅಂತ ಅವಳು ನನಗೆ ಒಂದು ಮಾತೂ ಹೇಳಲಿಲ್ಲವಲ್ಲಾ, ಅಮ್ಮಾ" ಎಂದರು. ಅವರು ಕ್ರೂರರಲ್ಲ. ಆದರೆ ಆ ಮನೆಯಲ್ಲಿ, ಅನೇಕ ಮನೆಗಳಂತೆ, ಮಗಳ ಮಾತು ತಾಯಿಯ ಮೂಲಕವೇ ತಂದೆಗೆ ಹೋಗುತ್ತಿದ್ದಿತು. ಅರ್ಧ ಮಾತು ಅಡಿಗೆಮನೆಯಲ್ಲಿಯೇ ಉಳಿಯುತ್ತಿದ್ದಿತು. ಪತ್ರವನ್ನು ಕಳುಹಿಸದೆ ನಾನೇ ಹೋಗಬೇಕಾಗಿದ್ದಿತು. ಆ ತಪ್ಪು ನನ್ನದು.

ಆದುದರಿಂದ ತಂದೆಯರಲ್ಲಿ ನನ್ನ ಬಿನ್ನಹವಿಷ್ಟೆ. ದಿನಕ್ಕೆ ಕಾಲುಗಂಟೆ ಮಗಳೊಡನೆ ಕುಳಿತುಕೊಳ್ಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ, "ಇವತ್ತು ಏನು ಕಲಿತೆಯಮ್ಮ? ನನಗೂ ಹೇಳು" ಎನ್ನಿರಿ. ಅಂಕಗಳನ್ನಷ್ಟೇ ಕೇಳಿದರೆ ಅದು ಲೆಕ್ಕತಪಾಸಣೆ. ಎಲ್ಲಿಗೆ ಹೋದೆ, ಯಾರೊಡನೆ ಹೋದೆ ಎಂದಷ್ಟೇ ಕೇಳಿದರೆ ಅದು ಕಾವಲು. ಅವಳು ಜ್ವರದಿಂದ ಮಲಗಿದಾಗ ರಾತ್ರಿ ಎದ್ದು ಕೂಡುವುದು, ತಪ್ಪು ಮಾಡಿದಾಗ ಗದರಿಸುವುದಕ್ಕೆ ಮೊದಲು ಅವಳ ಮಾತನ್ನು ಕೇಳುವುದು, ಇವೇ ತಂದೆತನ. ಹೆಣ್ಣಿಗೆ 18 ವರ್ಷ ತುಂಬುವ ಮೊದಲು ವಿವಾಹ ಕೂಡದೆಂದು ಕಾನೂನು ಉಂಟು. ಆದರೆ ಅವಳು ಏನಾಗಬಯಸುವಳೆಂಬುದನ್ನು ಯಾವ ಕಾನೂನೂ ತಂದೆಗೆ ತಿಳಿಸಲಾರದು. ಅದನ್ನು ಮಗಳ ಬಾಯಿಂದಲೇ ಕೇಳಬೇಕು.

ಇಂದು ತಾಯಂದಿರಾಗಿರುವ ನನ್ನ ಪೂರ್ವವಿದ್ಯಾರ್ಥಿನಿಯರೇ, ನೀವು ನಡುವಣ ಅಂಚೆಯಾಗಬೇಡಿರಿ. "ಅಪ್ಪನಿಗೆ ನೀನೇ ಹೇಳು" ಎಂದು ಮಗಳನ್ನು ಮುಂದಕ್ಕೆ ಕಳುಹಿಸಿರಿ.

ಮುಂದಿನ ಪೋಷಕರ ಸಭೆಗೆ ಇನ್ನೊಂದು ಸಾಲು ಕುರ್ಚಿಗಳನ್ನು ಹಾಕಿಸುವೆನು. ತಂದೆಯರು ಬಂದು ಅವನ್ನು ತುಂಬುವರೆಂದು ನಂಬಿರುವೆನು.

— ಮುಖ್ಯೋಪಾಧ್ಯಾಯಿನಿ