ಮಕ್ಕಳ ವಾರ್ಡಿನಲ್ಲಿ ಕೇಳದೆ ಉಳಿದ ಪ್ರಶ್ನೆ

ಮುಂಬಯಿಯ ಕನ್ನಡಿಗರ ಮನೆಯಲ್ಲಿ ಮಗು ಹುಟ್ಟಿತೆಂದರೆ ಊರಿನಿಂದ ಅಜ್ಜಿ ಬರುತ್ತಾಳೆ. ಅಜ್ಜಿಯ ಗಂಟಿನಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿಗಳೂ ಬರುತ್ತವೆ. ಸಾಣೆಕಲ್ಲಿನ ಮೇಲೆ ತೇಯ್ದ ಆ ಮದ್ದು ನೆರೆಯ ಮರಾಠಿ ಬಾಣಂತಿಗೂ ಹೊಸತಲ್ಲ. ಅದೇ ಮಗು ಅಸ್ವಸ್ಥವಾಗಿ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗವನ್ನು ಸೇರಿದಾಗ ತರುಣ ವೈದ್ಯನು ಜ್ವರ ಎಷ್ಟು ದಿನ, ಲಸಿಕೆ ಯಾವಾಗ ಎಂದೆಲ್ಲ ವಿಚಾರಿಸುತ್ತಾನೆ. ಮನೆಯಲ್ಲಿ ಏನನ್ನು ತೇಯ್ದು ಕುಡಿಸಿದಿರಿ ಎಂದು ಕೇಳುವುದು ಅಪೂರ್ವ. ಬೈಗುಳಕ್ಕಂಜಿ ತಾಯಿಯೂ ಹೇಳುವುದಿಲ್ಲ. ಖರ್ಚಿನ ಬದಿಯನ್ನು ಬರೆಯದೆಯೇ ಶಿಲ್ಕು ತೆಗೆದಂತೆ, ಈ ಅರ್ಧ ವೃತ್ತಾಂತದ ಮೇಲೆಯೇ ಚಿಕಿತ್ಸೆ ನಿರ್ಧಾರವಾಗುತ್ತದೆ.

ಈ ಮೌನವು ನಿರಪಾಯಕರವಲ್ಲ. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸವಿರುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಬಾಸ್ಟನ್ನಿನ ಸುತ್ತಮುತ್ತ ಕೊಂಡ ಎಪ್ಪತ್ತು ಆಯುರ್ವೇದೀಯ ಸಿದ್ಧೌಷಧಗಳನ್ನು ಪರೀಕ್ಷಿಸಿದಾಗ ಹದಿನಾಲ್ಕರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಕಂಡುಬಂದಿತು. ರಕ್ತಹೀನತೆ, ಹೊಟ್ಟೆನೋವು, ಫಿಟ್ಸ್ ಇವೆಲ್ಲ ಸೀಸದ ವಿಷದಿಂದಲೂ ಬರಬಹುದು; ಕೇಳದ ವೈದ್ಯನು ಕಾರಣವನ್ನು ಬೇರೆಲ್ಲೋ ಹುಡುಕುತ್ತಾನೆ. ವರ್ಷ ತುಂಬದ ಶಿಶುವಿಗೆ ಜೇನುತುಪ್ಪವೂ ಸಲ್ಲದೆಂಬುದು ಇಂದಿನ ವೈದ್ಯಕೀಯದ ನಿಶ್ಚಿತ ಅಭಿಪ್ರಾಯ.

ಹಾಗೆಂದು ಅಜ್ಜಿಯ ಗಂಟನ್ನು ಸಾರಾಸಗಟಾಗಿ ಕಿಟಕಿಯಿಂದಾಚೆ ಎಸೆಯಬೇಕೆ? ಇದಕ್ಕೆ ಉತ್ತರವು ಇದೇ ನಗರದ ಸಯನ್ ಆಸ್ಪತ್ರೆಯಲ್ಲಿ ದೊರೆಯುತ್ತದೆ. 1989ರಲ್ಲಿ ಏಷ್ಯದ ಮೊದಲ ಎದೆಹಾಲಿನ ಬ್ಯಾಂಕನ್ನು ತೆರೆದ ಆಸ್ಪತ್ರೆ ಅದು. (ಬಡ್ಡಿಯ ಮಾತಿಲ್ಲದ ಬ್ಯಾಂಕು ಅದೊಂದೇ ಇರಬೇಕು.) ಅಲ್ಲಿನ ನವಜಾತ ಶಿಶು ವಿಭಾಗದ ವೈದ್ಯರು ಮಗುವಿಗೆ ಎಣ್ಣೆ ತಿಕ್ಕುವ ಹಳೆಯ ಪದ್ಧತಿಯನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ, ಪರೀಕ್ಷಿಸಿದರು. ಶಿಶುಗಳನ್ನು ಗುಂಪುಗಳಾಗಿ ವಿಂಗಡಿಸಿ ತೆಂಗಿನೆಣ್ಣೆಯನ್ನು ಖನಿಜ ತೈಲದೊಡನೆ ಹೋಲಿಸಿದರು. ತೆಂಗಿನೆಣ್ಣೆ ತಿಕ್ಕಿಸಿಕೊಂಡ ಅವಧಿಪೂರ್ವ ಶಿಶುಗಳ ತೂಕ ಹೆಚ್ಚು ವೇಗವಾಗಿ ಏರಿತೆಂದು 2005ರಲ್ಲಿ ಪ್ರಕಟವಾದ ಅವರ ವರದಿ ತಿಳಿಸುತ್ತದೆ. ಸಮನ್ವಯ ವೈದ್ಯವೆಂದರೆ ಇದು.

ವೈದ್ಯಕೀಯ ವಿದ್ಯಾರ್ಥಿಗೆ ಆಯುಷ್ ಪದ್ಧತಿಗಳ ಪ್ರಾಥಮಿಕ ತಿಳಿವಳಿಕೆ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದರೆ ಚರ್ಚೆಯೆಲ್ಲ ಯಾರು ಯಾವ ಔಷಧ ಬರೆಯಬಹುದೆಂಬ ಹಕ್ಕಿನ ಜಗಳಕ್ಕೆ ಇಳಿಯುತ್ತಿದೆ. ಹೋಮಿಯೋಪತಿ ವೈದ್ಯರ ವಿಷಯದಲ್ಲಿ ಮಹಾರಾಷ್ಟ್ರವು 2014ರಲ್ಲಿ ಮಾಡಿದ ಕಾನೂನು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ವ್ಯಾಜ್ಯದಿಂದ ರೋಗಿ ಮಗುವಿಗೆ ಆಗುವ ಲಾಭ ಅಷ್ಟಕ್ಕಷ್ಟೆ.

ಕಲಿಸಬೇಕಾದುದನ್ನು ಉಪನ್ಯಾಸದ ಕೊಠಡಿಗಿಂತ ಮಗುವಿನ ಹಾಸಿಗೆಯ ಬಳಿಯೇ ಕಲಿಸುವುದು ಮೇಲು. ಕನ್ನಡದ ತಾಯಿ ಹೇಳುವ ಬಜೆ, ಮರಾಠಿ ತಾಯಿಯ ವೇಖಂಡ, ಸಂಸ್ಕೃತ ಗ್ರಂಥದ ವಚಾ ಒಂದೇ ಬೇರೆಂಬುದು ವಿದ್ಯಾರ್ಥಿಗೆ ತಿಳಿದಿರಬೇಕು. ಅದನ್ನು ಆಹಾರದಲ್ಲಿ ಬಳಸಕೂಡದೆಂದು ಅಮೆರಿಕವು 1968ರಲ್ಲಿ ನಿಷೇಧಿಸಿದುದೂ ತಿಳಿದಿರಬೇಕು. ಬಾಲಚಿಕಿತ್ಸೆಯು ಕೌಮಾರಭೃತ್ಯವೆಂಬ ಹೆಸರಿನಿಂದ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಪರೇಲಿನ ಕೆ.ಇ.ಎಂ. ಆಸ್ಪತ್ರೆಗೂ ವರಳಿಯ ಪೋದಾರ ಆಯುರ್ವೇದ ಕಾಲೇಜಿಗೂ ನಡುವೆ ಕೆಲವೇ ಕಿಲೋಮೀಟರುಗಳ ಅಂತರ. ಎರಡೂ ಕಡೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆಯಾದರೂ ಒಂದೇ ಮಗುವಿನ ಮುಂದೆ ಕುಳಿತು, ಪರಸ್ಪರರ ಆಧಾರಗಳನ್ನು ಪ್ರಶ್ನಿಸಲು ಅಡ್ಡಿಯೇನು?

ಅದಕ್ಕೂ ಮೊದಲು ರೋಗಿಯ ಕಾಗದದಲ್ಲಿ ‘ಮನೆಮದ್ದು’ ಎಂಬ ಒಂದು ಅಂಕಣವನ್ನು ಸೇರಿಸಬಹುದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳನ್ನೂ ಇಡಬೇಕು. ಪರೀಕ್ಷಕನು ಕೇಳದ ಪ್ರಶ್ನೆಯನ್ನು ವಿದ್ಯಾರ್ಥಿಯು ತಾಯಿಯ ಬಳಿ ಕೇಳುವುದಿಲ್ಲ.